ಕುಡಿಯುವ ನೀರಿಲ್ಲದ ಹಡಗು

ಮೊನ್ನೆ ಟ್ರಂಕಿನ ತಳದಿಂದ ಮಗಳ ಕುಂಚಿಗೆ ತೆಗೆದೆ. ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಆ ಟೋಪಿ ಈಗ ಹಳದಿಗೆ ತಿರುಗಿದೆ. ನುಸಿಗುಳಿಗೆಯ ಘಾಟಿನ ಕೆಳಗೆ ಇನ್ನೊಂದು ವಾಸನೆ ಇತ್ತು... ಗಂಜಿಯದು, ಸೀಮೆಸುಣ್ಣದ ಪುಡಿಯದು. ಇಷ್ಟು ವರ್ಷದ ಮೇಲೆ ಅದು ಇರಲು ಸಾಧ್ಯವೇ ಇಲ್ಲ ಎಂದು ಮಗಳು ನಕ್ಕಳು. ಅವಳಿಗೇನು ಗೊತ್ತು! ನನ್ನ ಮೂಗಿಗೆ ಬಂತು, ಅಷ್ಟೇ.

ನಾನು ಆಗ ನಾರಾಯಣಖೇಡದ ನೀರಾವರಿ ಕಚೇರಿಯಲ್ಲಿ ಟ್ರೇಸರ್. ಪೆನ್ಸಿಲಿನಲ್ಲಿ ಬರೆದ ಕೆರೆ ಕಾಲುವೆಗಳ ನಕ್ಷೆಯ ಮೇಲೆ ಗಂಜಿ ಹಾಕಿದ ನಯವಾದ ಬಟ್ಟೆ ಹಾಸಿ, ಮಸಿ ಹಿಡಿಯಲೆಂದು ಸೀಮೆಸುಣ್ಣದ ಪುಡಿ ಸವರಿ, ಕೆಳಗೆ ಕಾಣುವ ಗೆರೆಗಳನ್ನು ಮಸಿಯಲ್ಲಿ ಎತ್ತುವುದು ನನ್ನ ಕೆಲಸ. ರದ್ದಾದ ನಕ್ಷೆಯ ಬಟ್ಟೆಯನ್ನು ಅಲ್ಲಿ ಯಾರೂ ಬಿಸಾಡುತ್ತಿರಲಿಲ್ಲ. ಬಿಸಿನೀರಲ್ಲಿ ನೆನೆಸಿ ಉಜ್ಜಿದರೆ ಗಂಜಿಯ ಜೊತೆ ಮಸಿಯೂ ಬಿಟ್ಟು, ಬೆಣ್ಣೆಯಂಥ ಬಿಳಿ ಬಟ್ಟೆ ಉಳಿಯುತ್ತಿತ್ತು. ಗಂಡಸರಿಗೆ ಕರವಸ್ತ್ರ, ಬಾಣಂತಿಯರ ಮನೆಗೆ ಕೂಸಿನ ಅಂಗಿ. ಅರ್ಧ ತಾಲೂಕಿನ ಕೂಸುಗಳು ಕೆರೆಕಟ್ಟೆ ತೊಟ್ಟೇ ಬೆಳೆದಾವೆ ಎಂದು ನಾವು ನಗುತ್ತಿದ್ದೆವು.

ನನ್ನ ಮೇಲಿನವರು ಹೆಡ್ ಡ್ರಾಫ್ಟ್ಸ್‌ಮನ್ ಸಾಹೇಬರು. ರಾಯಿಕೋಡದ ಒಕ್ಕಲು ಮನೆಯವರು. ಹರೆಯದಲ್ಲಿ ಮುಂಬಯಿಯ ಒಂದು ಹಡಗುಕಟ್ಟೆಯಲ್ಲಿ ನಕ್ಷೆ ಬರೆಯುತ್ತಿದ್ದವರು, ತಂದೆ ತೀರಿದ ಮೇಲೆ ತಂಗಿಯರ ಜವಾಬ್ದಾರಿ ಹೊತ್ತು ಊರಿಗೆ ಬಂದು ಕೆರೆಗಳ ನಕ್ಷೆಗೆ ಕೂತಿದ್ದರು. ಸಮುದ್ರ ಬಿಟ್ಟರೂ ಹಡಗು ಬಿಟ್ಟಿರಲಿಲ್ಲ. ಮಧ್ಯಾಹ್ನ ಉಳಿದವರು ರೊಟ್ಟಿ ತಿಂದು ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಇವರು ಕೆಳಗಿನ ಡ್ರಾಯರಿನಿಂದ ಒಂದು ದೊಡ್ಡ ಹಾಳೆ ತೆಗೆದು ಹರವುತ್ತಿದ್ದರು. ಅದರ ಮೇಲೆ ಒಂದು ಯುದ್ಧದ ಹಡಗು, ಬ್ಯಾಟಲ್‌ಕ್ರೂಸರ್. ತೋಪುಗಳು ದೊಡ್ಡ ಹಡಗಿನವು, ಓಟ ಸಣ್ಣ ಹಡಗಿನದು, ಮೈಮೇಲಿನ ಉಕ್ಕು ಮಾತ್ರ ತೆಳು. ತನಗಿಂತ ಗಟ್ಟಿಯಾದ ಹಡಗು ಕಂಡರೆ ಓಡಬೇಕು, ಮೆತ್ತಗಿದ್ದದ್ದು ಕಂಡರೆ ಬೆನ್ನು ಹತ್ತಬೇಕು, ಅದೇ ಅದರ ಧರ್ಮ ಎಂದು ವಿವರಿಸುತ್ತಿದ್ದರು. ಅಂಥ ಹಡಗು ಕಟ್ಟುವುದನ್ನು ಜಗತ್ತೇ ಬಿಟ್ಟಿತ್ತು, ಅದು ಅವರಿಗೂ ಗೊತ್ತಿತ್ತು.

ಮತ್ತೆ ಯಾಕೆ? ಮುಂಬಯಿ ಬಿಡುವ ದಿನ ಅಲ್ಲಿನ ಮುಖ್ಯಸ್ಥರು ಇವರ ಕಚ್ಚಾ ನಕ್ಷೆ ನೋಡಿ ನಕ್ಕಿದ್ದರಂತೆ. ಇಷ್ಟು ತೋಪು, ಇಷ್ಟು ಓಟ, ಒಂದೇ ಹಡಗಿಗೆ ತೂಕ ಹೊಂದುವುದಿಲ್ಲ, ಹೊಂದಿದ ದಿನ ಕಳಿಸು, ನೋಡುತ್ತೇನೆ ಎಂದಿದ್ದರಂತೆ. ಇವರು ಅದನ್ನು ಹಿಡಿದುಕೊಂಡು ವರ್ಷಗಟ್ಟಲೆ ಕೂತರು. ಹಡಗಿನ ಒಟ್ಟು ತೂಕ ಮೊದಲೇ ಗೊತ್ತುಮಾಡಿದ್ದು. ಇಂಜಿನ್ನಿಗೆ ನೂರು ಟನ್ ಕೊಟ್ಟರೆ ಉಕ್ಕಿನ ಹೊದಿಕೆಯಿಂದ ನೂರು ಕಳೆಯಬೇಕು. ಹಾಗೆ ಕೂಡಿ ಕಳೆದು, ಕೊನೆಗೊಂದು ದಿನ ತೂಕ ತಾಳೆಯಾಯಿತು ಎಂದರು.

ಅಷ್ಟರಲ್ಲಿ ಅವರ ಬಲಗೈ ನಡುಗಲು ಶುರುವಾಗಿತ್ತು. ಪೆನ್ಸಿಲ್ ಹೇಗೋ ಹಿಡಿಯುತ್ತಿದ್ದರು, ಮಸಿ ಪೆನ್ನು ಸಾಗುತ್ತಿರಲಿಲ್ಲ. ಹೈದರಾಬಾದಿನಿಂದ ಸ್ವಂತ ದುಡ್ಡಲ್ಲಿ ಬಟ್ಟೆ ತರಿಸಿ ನನ್ನ ಮೇಜಿನ ಮೇಲಿಟ್ಟರು. ಆ ಕಚೇರಿಯಲ್ಲಿ ನನ್ನಷ್ಟು ಸಣ್ಣ ಗೆರೆ ಎಳೆಯುವವರು ಇನ್ನೊಬ್ಬರಿರಲಿಲ್ಲ, ಇದನ್ನು ಈಗಲೂ ಸಂಕೋಚವಿಲ್ಲದೆ ಹೇಳುತ್ತೇನೆ. ನಾಗಲಗಿದ್ದದ ಹುಡುಗಿ, ಸಮುದ್ರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡವಳು, ಮೂರು ತಿಂಗಳ ಮಧ್ಯಾಹ್ನಗಳಲ್ಲಿ ಹಡಗಿನ ಮೂತಿಯಿಂದ ಬಾಲದವರೆಗೆ ಮಸಿ ಎಳೆದೆ. ಆಗ ನಾನು ಬಸುರಿ. ಹೊಟ್ಟೆ ಮೇಜಿಗೆ ತಾಗುತ್ತಿತ್ತು, ಆದರೂ ಒಂದು ಗೆರೆ ಸೊಟ್ಟಾಗಲಿಲ್ಲ. ಹೊದಿಕೆಯ ಗೆರೆಗಳನ್ನು ಮಾತ್ರ ಕೊನೆಗೆಂದು ಬಿಟ್ಟಿದ್ದೆ.

ಮೂಲೆಯಲ್ಲಿ ತೂಕದ ಪಟ್ಟಿ ಇತ್ತು. ಪಟ್ಟಿಯನ್ನು ಕೂಡಿ ನೋಡದೆ ಬರೆಯುವ ಚಟ ನನಗಿಲ್ಲ. ಕೂಡಿದೆ, ಮೊತ್ತ ಸರಿಯಿತ್ತು. ಆದರೆ ಎಷ್ಟು ಹುಡುಕಿದರೂ ಒಂದು ಸಾಲು ಸಿಗಲಿಲ್ಲ. ಎರಡು ದಿನ ಮತ್ತೆ ಮತ್ತೆ ಪಟ್ಟಿ ನೋಡಿದೆ, ಮೂರನೆಯ ದಿನ ಕೇಳಿಯೇ ಬಿಟ್ಟೆ.

"ಸಾಹೇಬ್ರ, ಇದರಾಗ ಸಾವಿರದ ಇನ್ನೂರು ಮಂದಿ ಅದಾರ. ಅವರು ಕುಡ್ಯೋ ನೀರು ಎಲ್ಲದರಿ?"

ಅವರು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದರು. ಮತ್ತೊಮ್ಮೆ ನೋಡಿದರು. ನೀರಿರಲಿಲ್ಲ, ಕಾಳುಕಡಿಯೂ ಇರಲಿಲ್ಲ. ತಪ್ಪು ಎಲ್ಲಿಂದ ಬಂತೆಂದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ನಮ್ಮ ಕೆರೆ ಕೆಲಸದ ಅಂದಾಜಿನಲ್ಲಿ ಕೂಲಿಗಳ ನೀರು, ರೊಟ್ಟಿ ಯಾವತ್ತೂ ಹಿಡಿಯುತ್ತಿರಲಿಲ್ಲ, ಅದು ಗುತ್ತಿಗೆದಾರನ ಪಾಲು. ಅಂಥ ಅಂದಾಜು ಬರೆದೂ ಬರೆದೂ ಅವರ ಕೈಗೆ ಅದೇ ರೂಢಿಯಾಗಿತ್ತು. ಸಮುದ್ರದ ನಡುವೆ ಯಾವ ಗುತ್ತಿಗೆದಾರ ಕೊಡ ಹೊತ್ತು ಬರುತ್ತಾನೆ?

ನಾಲ್ಕು ದಿನ ಅವರು ಮಧ್ಯಾಹ್ನವೆಲ್ಲ ಕೂಡುತ್ತ ಕಳೆಯುತ್ತ ಕೂತರು. ಐದನೆಯ ದಿನ ಹೊಸ ಪಟ್ಟಿ ತಂದರು. ಆರುನೂರು ಟನ್ ನೀರು, ದಿನಸಿ ಸೇರಿಸಿದ್ದರು. ಅಷ್ಟನ್ನು ಎಲ್ಲಿಂದ ಕಳೆದಿದ್ದಾರೆ ಎಂದು ನೋಡಿದೆ. ಓಟದಲ್ಲಿ ಒಂದು ಕೂದಲಷ್ಟೂ ಬಿಟ್ಟುಕೊಟ್ಟಿರಲಿಲ್ಲ. ತೋಪಿನ ಮದ್ದು ತುಂಬಿಡುವ ಕೋಣೆಯ ಮೇಲಿನ ಉಕ್ಕನ್ನು ಅರ್ಧಕ್ಕಿಂತ ಕಡಿಮೆ ಮಾಡಿದ್ದರು. ಅಲ್ಲಿಗೆ ಒಂದು ಗುಂಡು ಬಿದ್ದರೆ ಇಡೀ ಹಡಗು ಒಳಗಿನಿಂದಲೇ ಉರಿದುಹೋಗುತ್ತದೆ.

"ಇಷ್ಟು ಜೋರಿನ ಹಡಗಿಗೆ ಗುಂಡು ಬಡಿಯೋದರೆ ಹ್ಯಾಂಗ, ತಂಗಿ?" ಎಂದರು.

"ಬಡದ್ರ?"

ಅವರು ಮಸಿ ಪೆನ್ನು ನನ್ನ ಕಡೆ ಸರಿಸಿದರು.

"ಇದರ ಮ್ಯಾಲ ನಾ ಗೆರಿ ಎಳಿಯಂಗಿಲ್ರಿ ಸಾಹೇಬ್ರ," ಎಂದೆ. "ಒಳಗ ಮಂದಿ ಅದಾರ."

ಕಾಗದದ ಹಡಗು, ಕಾಗದದ ಮಂದಿ... ಹಾಗಂತ ಅವರು ನನ್ನನ್ನು ಗದರಿಸಬಹುದಿತ್ತು. ಮೇಲಿನವರು, ವಯಸ್ಸಿನಲ್ಲಿ ತಂದೆಯಂಥವರು. ಗದರಿಸದೆ ಬಟ್ಟೆ ಸುತ್ತಿ ತಗಡಿನ ಕೊಳವೆಗೆ ಹಾಕಿಕೊಂಡು ಹೋದರು. ನಾನು ಸರಿಯಾದ್ದನ್ನೇ ಹೇಳಿದೆ ಎಂಬ ಧೈರ್ಯವಿತ್ತು, ಆದರೂ ಆ ವಾರ ಮಧ್ಯಾಹ್ನ ಅವರ ಮೇಜಿನ ಕಡೆ ಹೋಗಲಿಲ್ಲ. ಮುಂದಿನ ತಿಂಗಳು ಹೆರಿಗೆಗೆಂದು ತವರಿಗೆ ಹೋದೆ.

ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅವರು ಬಸ್ಸು ಹಿಡಿದು ನಾಗಲಗಿದ್ದಕ್ಕೆ ಬಂದರು. ಕೂಸಿನ ಕೈಗೆ ಬೆರಳು ಕೊಟ್ಟು ಎರಡು ಗಳಿಗೆ ಕೂತರು. ನಮ್ಮವ್ವನ ಕೈಯಲ್ಲಿ ಒಂದು ಬಿಳಿ ಬಟ್ಟೆಯ ಗಂಟು ಇಟ್ಟು, ಕಚೇರಿಯ ಪದ್ಧತಿಯವ್ವಾ ಎಂದು ಹೇಳಿ ಹೋದರು. ಅವ್ವ ಅದರಲ್ಲಿ ಎರಡು ಅಂಗಿ, ಒಂದು ಕುಂಚಿಗೆ ಹೊಲಿದಳು. ಇಷ್ಟು ಮೆತ್ತಗಿನ ಬಟ್ಟೆ ಮುಟ್ಟೇ ಇಲ್ಲ ಎಂದಳು. ಯಾವುದೋ ರದ್ದಾದ ಕೆರೆ ಇರಬೇಕೆಂದು ನಾನೂ ತಿಳಿದೆ.

ತಿಂಗಳ ಮೇಲೆ ಕುಂಚಿಗೆ ಒಗೆದು ಹಗ್ಗಕ್ಕೆ ಹಾಕುವಾಗ ಬಿಸಿಲು ಅದರ ಹಿಂದೆ ಇತ್ತು. ಅಂಚಿನಲ್ಲಿ ಬೂದಿ ಬಣ್ಣದ ಒಂದು ಬಾಗಿದ ಗೆರೆ ಕಂಡಿತು. ಆ ಬಾಗು ನನ್ನ ಕೈಯದು, ಹಡಗಿನ ಮೂತಿಯದು. ಒದ್ದೆ ಬಟ್ಟೆ ಹಿಡಿದುಕೊಂಡು ಅಂಗಳದಲ್ಲೇ ಕೂತು ಅತ್ತೆ.

ಕೆಲಸಕ್ಕೆ ಮರಳಿದ ದಿನವೇ ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಎಂದು.

"ಓಟ ಬಿಡಾಕ ನನ್ನ ಕೈಲೆ ಆಗಲಿಲ್ಲ," ಎಂದರು. "ಮಂದಿನ್ನ ಸುಡೋದೂ ಆಗಲಿಲ್ಲ. ಆ ನಕ್ಷಾ ಇದ್ದಷ್ಟು ದಿನ ಮತ್ತ ಕೂಡಾಕ ಕುಂದರ್ತೀನಂತ ಹಾಳಿ ಹರದೆ, ಬಟ್ಟಿ ತೊಳದುಬಿಟ್ಟೆ."

ಆಮೇಲೆ ಎಂದಿನಂತೆ ಒಂದು ಕೆರೆಕೋಡಿಯ ನಕ್ಷೆ ನನ್ನ ಕಡೆ ಸರಿಸಿದರು. ಎರಡು ವರ್ಷಕ್ಕೆ ನಿವೃತ್ತರಾಗಿ ರಾಯಿಕೋಡಕ್ಕೆ ಹೋದರು. ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ದಿನಕರ್ಮ ಎಲ್ಲ ಮುಗಿದ ಮೇಲೆ...

ಟ್ರೇಸಿಂಗ್ ಬಟ್ಟೆ ಇರುವುದೇ ಪ್ರಿಂಟು ತೆಗೆಯಲು. ಒಂದೇ ಒಂದು ತೆಗೆದಿಟ್ಟಿದ್ದರೆ ಸಾಕಿತ್ತು. ಸರ್ಕಾರದ ಕಾಗದ ತನ್ನ ಹಡಗಿಗೆ ಮುಟ್ಟಬಾರದು ಎಂಬುದು ಅವರ ಹಟ, ಹೊರಗೆ ತೆಗೆಸೋಣ ಎಂದು ನನಗೂ ಹೊಳೆಯಲಿಲ್ಲ. ನೀರಿನ ವಿಷಯದಲ್ಲಿ, ಮದ್ದಿನ ಕೋಣೆಯ ವಿಷಯದಲ್ಲಿ ನಾನೇ ಸರಿ, ಇವತ್ತು ಕೇಳಿದರೂ ಹಾಗೇ ಹೇಳುತ್ತೇನೆ. ಆದರೆ ಓಟ ಒಂದಿಷ್ಟು ಕಮ್ಮಿ ಮಾಡ್ರಿ ಸಾಹೇಬ್ರ, ನಾನೂ ಜೊತೆ ಕೂತು ಕೂಡ್ತೀನಿ ಅನ್ನಬಹುದಿತ್ತು. ಅನ್ನಲಿಲ್ಲ. ಅಷ್ಟು ವರ್ಷದಲ್ಲಿ ಆ ಹಡಗನ್ನು ನಿಜವೆಂದು ನಂಬಿ ಅವರ ಜೊತೆ ವಾದಕ್ಕೆ ನಿಂತವಳು ನಾನೊಬ್ಬಳೇ, ಒಂದೇ ಸಲ.

ಬರುವ ತಿಂಗಳು ಮಗಳು ಅಜ್ಜಿಯಾಗುತ್ತಾಳೆ. ಕುಂಚಿಗೆಯನ್ನು ಚೆನ್ನಾಗಿ ಬಿಳಿ ಮಾಡಿಸಿ ಕೂಸಿಗೆ ಹಾಕೋಣ ಎಂದಳು. ಹಾಕು, ಆದರೆ ಬರೀ ನೀರಲ್ಲಿ ಒಗೆ ಎಂದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಆ ಬಾಗಿದ ಗೆರೆ ಇನ್ನೂ ಇದೆ.