ಅಪ್ಪ ಬೂಟು ಬಿಚ್ಚಿದ ಕೋಟೆ

ಕೋಟೆ ಅಂದರೆ ಈಗ ಕೋಟೆಯೇನಲ್ಲ, ಹುಲ್ಲು ಬೆಳೆದ ಒಂದು ದಿಬ್ಬ. ಸುತ್ತ ಅರ್ಧ ಹೂಳು ತುಂಬಿದ ಕಂದಕ, ಪಕ್ಕದಲ್ಲಿ ಹಿಂದೆ ಈ ಊರಿನ ಒಡೆಯನ ಹೊಲಕ್ಕೆ ಸೇರಿದ್ದ ಮರದ ದೊಡ್ಡ ಕಣಜ. ಇಂಗ್ಲಿಷರ ನಾಡಿನಲ್ಲಿ, ಸ್ಟ್ಯಾನ್ಮೋರ್‌ನ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ತಾಸು. ತಿಂಗಳಿಗೊಂದು ಭಾನುವಾರ ಅಲ್ಲಿಗೆ ಬಂದವರಿಗೆ ನಾನು ಚರಿತ್ರೆ ಹೇಳುತ್ತೇನೆ. ಸಂಬಳವಿಲ್ಲ, ಕೊರಳಿಗೊಂದು ಬ್ಯಾಡ್ಜ್ ಇದೆ. ಅದನ್ನು ಹಾಕಿಕೊಂಡಾಗ ನನಗೆ ಬರುವ ಗತ್ತನ್ನು ನನ್ನ ಮಕ್ಕಳು ಅಣಕಿಸುತ್ತಾರೆ.

ಹೇಳುವುದು ಇಷ್ಟು. ಸಮುದ್ರ ದಾಟಿ ದಂಡೆತ್ತಿ ಬಂದ ರಾಜ ಈ ಸೀಮೆಯನ್ನು ತನ್ನ ಸರದಾರನೊಬ್ಬನಿಗೆ ಕೊಟ್ಟ. ಸರದಾರ ಮಣ್ಣು ಪೇರಿಸಿ ಮೇಲೆ ಮರದ ಕೋಟೆ ಕಟ್ಟಿಸಿದ. ಮುಂದೆ ಅದು ಕ್ರೈಸ್ತ ಮಠದವರ ಕೈಗೆ ಹೋಯಿತು. ಕೋಟೆ ಬಿತ್ತು, ಹೊಲ ಉಳಿಯಿತು. ಊರಿನ ಒಕ್ಕಲುಗಳು ತಮ್ಮ ತುಂಡು ಭೂಮಿಗೆ ಬದಲಾಗಿ ವಾರದಲ್ಲಿ ಇಂತಿಷ್ಟು ದಿನ ಒಡೆಯನ ಹೊಲದಲ್ಲಿ ದುಡಿಯಬೇಕಿತ್ತು. ಸುಗ್ಗಿಯಲ್ಲಿ ಅವರಿಗೆ ಒಂದು ಊಟ. ಆ ಊಟದ ಮಾತು ಬಂದರೆ ಜನ ಖುಷಿಪಡುತ್ತಾರೆ, ಹಾಗಾಗಿ ಅದಕ್ಕೆ ಬಣ್ಣ ಹಚ್ಚಿ ಹೇಳುತ್ತಿದ್ದೆ.

ಹೋದ ಮಾರ್ಚ್‌ನಲ್ಲಿ ಅಪ್ಪನನ್ನೂ ಕರೆದುಕೊಂಡು ಹೋದೆ. ಅವ್ವ ತೀರಿದ ಮೇಲೆ, ಆರು ವರ್ಷದಿಂದ, ಅವನು ನಮ್ಮ ಜೊತೆಗೇ ಇದ್ದಾನೆ. ಧಾರವಾಡದ ಕಡೆ ದೇಸಾಯರ ವಾಡೆಯೊಂದಕ್ಕೆ, ಅಂದರೆ ಅಲ್ಲಿನ ಒಡೆಯರ ಮನೆಗೆ, ತಲೆತಲಾಂತರ ದುಡಿದ ಮನೆತನ ನಮ್ಮದು. ಅಪ್ಪನೂ ಹರೆಯದಲ್ಲಿ ಅಲ್ಲಿ ಕೂಲಿಯಿಲ್ಲದೆ ಬಿಟ್ಟಿ ಮಾಡಿದವನೇ. ಮಗಳು ಬಿಳಿಯರಿಗೆ ಕೋಟೆಯ ಪಾಠ ಹೇಳುವುದನ್ನು ಅವನು ಕಣ್ಣಾರೆ ನೋಡಲಿ ಎಂಬ ಆಸೆ ನನಗಿತ್ತು.

ಹದಿನೈದು ಜನರಿದ್ದರು. ಕಂದಕದ ಹತ್ತಿರ, ಒಡೆಯನ ಹೆಬ್ಬಾಗಿಲು ಇದ್ದದ್ದು ಇಲ್ಲೇ ಎಂದು ಇಂಗ್ಲಿಷಿನಲ್ಲಿ ಹೇಳಿ, ಅಪ್ಪನಿಗಾಗಿ ಕನ್ನಡದಲ್ಲೂ ಹೇಳಿದೆ. ಅಪ್ಪ ಬಗ್ಗಿ ಬೂಟು ಬಿಚ್ಚಿದ. ಎರಡನ್ನೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ಕಾಲುಚೀಲದಲ್ಲೇ ಒದ್ದೆ ಹುಲ್ಲಿನ ಮೇಲೆ ದಾಟಿದ. ನಮ್ಮೂರಿನಲ್ಲಿ ವಾಡೆಯ ಮುಂದೆ ನಮ್ಮವರು ಹಾಯುತ್ತಿದ್ದದ್ದೇ ಹೀಗೆ.

ಯಾಕೆ ಹಾಗೆ ಎಂದು ಒಬ್ಬ ಹೆಂಗಸು ಅಕ್ಕರೆಯಿಂದ ಕೇಳಿದಳು. ನಮ್ಮಲ್ಲಿ ಹಳೆಯ ಜಾಗಗಳನ್ನು ಗುಡಿಯ ಹಾಗೆ ಕಾಣುತ್ತೇವೆ ಎಂದುಬಿಟ್ಟೆ. ಎಲ್ಲರೂ ಮೆಚ್ಚಿ ತಲೆದೂಗಿದರು. ಒಬ್ಬಾತ ಅಪ್ಪನಿಗೆ ಕೈಯನ್ನೂ ಮುಗಿದ. ನನಗೆ ನಾಚಿಕೆಯಾಗಿತ್ತು, ಅದೂ ಹೆತ್ತ ಅಪ್ಪನ ಬಗ್ಗೆ. ಇದನ್ನು ಬರೆಯಲು ಈಗಲೂ ಕೈ ಏಳುವುದಿಲ್ಲ.

ಆರು ವರ್ಷದಲ್ಲಿ ಅವನಿಗೂ ಅಷ್ಟಿಷ್ಟು ಇಂಗ್ಲಿಷ್ ತಿಳಿಯುತ್ತದೆ ಎನ್ನುವುದು ನನಗೆ ಮರೆತೇಹೋಗಿತ್ತು. ಬಸ್ಸಿನಲ್ಲಿ ಕೇಳಿದ.

"ಗುಡಿ ಅಂತ ಯಾಕ ಹೇಳಿದಿ ಯವ್ವಾ?"

"ಮತ್ತೇನ ಹೇಳ್ಬೇಕಿತ್ತಪ್ಪಾ, ಅಷ್ಟ ಮಂದಿ ಮುಂದ?"

"ಭಕ್ತಿಲೆ ಬಿಚ್ಚಲಿಲ್ಲ ನಾ. ಹೆಬ್ಬಾಗಿಲಾ ಅಂದಿ, ಕೈ ತಾನ ಹೋತು. ಅಂಜಿಕಿ ಅದು. ನಿಮ್ಮಜ್ಜ ಒಮ್ಮೆ ಮರತು ಕಾಲಾಗಿನ ಮೆಟ್ಟು ಬಿಚ್ಚದ ವಾಡೇದ ಮುಂದ ಹಾದಿದ್ದಕ್ಕ, ಅವೇ ಮೆಟ್ಟು ತಲಿ ಮ್ಯಾಲೆ ಹೊರಿಸಿ ದಿನಾಪೂರ್ತಿ ನಿಂದ್ರಿಸಿದ್ರು."



ಮುಂದಿನ ತಿಂಗಳು ಒಬ್ಬಳೇ ಹೋದೆ, ಊಟಕ್ಕೆ ಬಣ್ಣ ಹಚ್ಚುವುದನ್ನು ಬಿಟ್ಟೆ. ದುಡಿದ ಒಕ್ಕಲುಗಳ ಒಂದು ಹೆಸರೂ ಅಲ್ಲಿನ ಫಲಕಗಳ ಮೇಲಿಲ್ಲ ಎಂದೆ. ಅಜ್ಜನ ತಲೆಯ ಮೇಲಿನ ಮೆಟ್ಟು, ಅಪ್ಪ ಬೂಟು ಬಿಚ್ಚಿದ್ದು, ನಾನು ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ.

ಮನೆಗೆ ಬಂದಾಗ ಅಪ್ಪ ಅಡುಗೆಮನೆಯಲ್ಲಿ ಮೆಂತ್ಯಪಲ್ಯೆ ಸೋಸುತ್ತ, ಕಡ್ಡಿಯಿಂದ ಎಲೆ ಬಿಡಿಸುತ್ತ ಕೂತಿದ್ದ.

"ಅಪ್ಪಾ, ಇವತ್ತ ಎಲ್ಲಾರಿಗೂ ಖರೇ ಹೇಳಿದೆ."

"ಛಲೋ ಆತು," ಎಂದು ಇನ್ನೊಂದು ಕಡ್ಡಿ ಎತ್ತಿಕೊಂಡ. "ಅವತ್ತ ಹೇಳಬೇಕಿತ್ತವಾ. ನಾ ಅಲ್ಲೇ ನಿಂತಿದ್ದೆ."