ಉಸುಕು ತಿಂದ ರೀಲು

ನಿಪ್ಪಾಣಿಯ ಆ ತಂಬಾಕಿನ ವ್ಯಾಪಾರಿಯನ್ನು ನಾನು ಮೊದಲು ನೋಡಿದ್ದು ಎಂಬತ್ತರ ದಶಕದ ನಡುವಿನ ಒಂದು ಭಾನುವಾರ, ಯಡೂರಿನ ಹೊಳೆದಂಡೆಯಲ್ಲಿ. ಕಾರಿನಿಂದ ಇಳಿದವನೇ ಡಿಕ್ಕಿ ತೆರೆದು ಹಸಿರು ಬಣ್ಣದ ಫೈಬರಿನ ಗಾಳದ ಕೋಲೊಂದನ್ನು ಹೊರತೆಗೆದ. ಅದಕ್ಕೊಂದು ಫಳಫಳ ಹೊಳೆಯುವ ರೀಲು. ಸಿಂಗಾಪುರದಿಂದ ತರಿಸಿದ್ದಂತೆ. ಯಾರೂ ಕೇಳಿರಲಿಲ್ಲ, ಆತನೇ ಹೇಳಿದ, ಅದೂ ಮೂರು ಸಲ. ಆಮೇಲೆ ಆ ರೀಲನ್ನು ಉಸುಕಿನ ಮೇಲೆ ಮಲಗಿಸಿ ಚಹಾ ಕುಡಿಯಲು ಕುಳಿತ. ನನ್ನ ಮಟ್ಟಿಗೆ ಆತನ ಯೋಗ್ಯತೆ ಅಲ್ಲಿಗೇ ತೀರ್ಮಾನವಾಗಿಹೋಯಿತು.

ನಾನು ಆಗ ಚಿಕ್ಕೋಡಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆ ಯಡೂರಿನಲ್ಲೇ. ಅಪ್ಪ ಜೀವಮಾನವಿಡೀ ಬೇರೆಯವರ ಕಬ್ಬು ಕಡಿದವನು. ಹೊಲದಲ್ಲಿ ಎಲ್ಲರಿಗೂ ತಲೆಬಾಗುತ್ತಿದ್ದವನು ಗಾಳದ ಕೋಲಿನ ವಿಷಯಕ್ಕೆ ಬಂದರೆ ದೇವರ ಮಾತನ್ನೂ ಕೇಳುತ್ತಿರಲಿಲ್ಲ. ಬಿದಿರು ಆರಿಸಲು ಬುಟ್ಟಿ ಹೆಣೆಯುವವರ ಹತ್ತಿರ ಹೋಗಿ ನೂರು ಗಳ ತಿರುವಿಹಾಕಿ ಒಂದನ್ನು ತರುತ್ತಿದ್ದ. ಗೆಣ್ಣುಗಳು ಹತ್ತಿರ ಹತ್ತಿರ ಇರಬೇಕು, ಒಳಗೆ ಟೊಳ್ಳು ಇರಬಾರದು, ಚಳಿಗಾಲದಲ್ಲಿ ಕಡಿದದ್ದಾಗಿರಬೇಕು. ಅದು ಮೂರು ತಿಂಗಳು ನೆರಳಿನಲ್ಲಿ ಒಣಗಬೇಕು. ಆಮೇಲೆ ಒಲೆಯ ಉರಿಗೆ ಹಿಡಿದು ಡೊಂಕು ತೆಗೆಯಬೇಕು. ತುದಿಗೆ ನೀರು ತುಂಬಿದ ತಂಬಿಗೆ ಕಟ್ಟಿ ಎತ್ತಿ ನೋಡಬೇಕು. ಬಾಗು ಬುಡದವರೆಗೂ ಒಂದೇ ಸಮ ಇಳಿದರೆ ಅದು ಕೋಲು. ನಾನು ಮೊದಲ ಸಲ ಮಾಡಿದ್ದನ್ನು ಅಪ್ಪ ಎರಡು ಬಾರಿ ಅಲ್ಲಾಡಿಸಿ ನೋಡಿದ.

"ಇದರಲೆ ಎಮ್ಮಿ ಹೊಡಿ. ಮೀನಾ ಹಿಡಿಯಾಕ ಬರಾಂಗಿಲ್ಲ," ಎಂದು ಮೊಣಕಾಲಿಗೆ ಒತ್ತಿ ಮುರಿದು ಒಲೆಗೆ ಹಾಕಿದ.

ಐದನೆಯದನ್ನು ಮುರಿಯಲಿಲ್ಲ. ಹೊಗಳಲೂ ಇಲ್ಲ. ಆ ಕೋಲಿಗೆ ನಾನು ಸೈಕಲ್ ಸ್ಪೋಕು ಬಗ್ಗಿಸಿ ಉಂಗುರ ಮಾಡಿದೆ, ರೇಷ್ಮೆ ದಾರ ಸುತ್ತಿ ಕೂರಿಸಿದೆ, ಮೇಲೆ ಮೂರು ಕೈ ವಾರ್ನಿಷ್ ಬಳಿದೆ. ಗುಜರಿಯಲ್ಲಿ ಸಿಕ್ಕ ಡೈನಮೋದ ಬೇರಿಂಗನ್ನು ಸಾಗವಾನಿಯ ಗಾಲಿಗೆ ಕೂಡಿಸಿ ರೀಲು ಮಾಡಿಕೊಂಡೆ. ಅದು ಒದರುತ್ತಿತ್ತು, ಆದರೆ ಎಂದೂ ಕೈಕೊಡಲಿಲ್ಲ.

ಇಂಥವನ ಮುಂದೆ ಆ ವ್ಯಾಪಾರಿ ಎರಡನೆಯ ವಾರವೇ ತನ್ನ ರೀಲು ಹಿಡಿದುಕೊಂಡು ಬಂದ.

"ಕಾಯ್ ರೇ, ನೀ ಮೆಕ್ಯಾನಿಕ್ ಅಲ್ಲೇನು? ಇದು ತಿರಗವಲ್ದು. ಸ್ವಲ್ಪ ನೋಡು."

"ಉಸುಕಿನ ಮ್ಯಾಲ ಇಡಬ್ಯಾಡ್ರಿ ಸಾಹುಕಾರ. ಒಳಗ ಹಲ್ಲು ಭಾಳ ಸಣ್ಣು ಇರ್ತಾವ."

"ಅರೇ, ಸಿಂಗಾಪುರದ್ದೈತಿ ಇದು. ನಿನ್ನ ಬಿದಿರಲ್ಲ!" ಎಂದು ನಕ್ಕ. ಜೊತೆಗೆ ಬಂದಿದ್ದ ಇಬ್ಬರೂ ನಕ್ಕರು. ನಗುವುದಕ್ಕೆಂದೇ ಆತ ಅವರನ್ನು ಕಾರಿನಲ್ಲಿ ಕರೆತರುತ್ತಿದ್ದ.

ರೀಲನ್ನು ಮನೆಗೆ ತಂದು ಬಿಳಿಯ ಬಟ್ಟೆಯ ಮೇಲೆ ಬಿಚ್ಚಿದೆ. ಒಳಗೆ ಚಮಚದಷ್ಟು ಉಸುಕು. ಸೀಮೆಎಣ್ಣೆಯಲ್ಲಿ ತೊಳೆದೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಹಲ್ಲು ಉಜ್ಜಿದೆ, ಗಿಯರಿಗೆ ತೆಳುವಾಗಿ ಗ್ರೀಸು, ದಾರ ಹಾಯುವ ಉರುಳೆಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದೇ ಹನಿ. ಮರಳಿ ಕೂಡಿಸಿ ಹಿಡಿಕೆ ತಿರುಗಿಸಿದಾಗ ಸದ್ದೇ ಇಲ್ಲ. ಬೆರಳು ತೆಗೆದ ಮೇಲೂ ತಿರುಗುತ್ತಲೇ ಇತ್ತು. ಸುಮ್ಮಸುಮ್ಮನೆ ಅರ್ಧ ತಾಸು ತಿರುಗಿಸುತ್ತ ಕೂತಿದ್ದೆ. ಹೆಂಡತಿ ನೋಡಿ, "ಮೀನಾ ಎಲ್ಲಿ ಅದಾವ ಅದರಾಗ?" ಎಂದಳು.

ಮೂರು ವರ್ಷ ಆ ಮನುಷ್ಯನ ರೀಲು ತೊಳೆದೆ. ಯಾಕೆ ತೊಳೆದೆ ಎಂದು ಡಿಪೋದ ಗೆಳೆಯರು ಕೇಳಿದರೆ ದೊಡ್ಡವರ ಪರಿಚಯ ಇರಲಿ ಅಂತ ಎನ್ನುತ್ತಿದ್ದೆ. ಸುಳ್ಳು. ಅದನ್ನು ಬಿಚ್ಚುವ ಸುಖಕ್ಕಾಗಿ ತೊಳೆಯುತ್ತಿದ್ದೆ. ನನಗೆ ಆತನ ಬಗ್ಗೆ ಇದ್ದ ತಾತ್ಸಾರದಲ್ಲಿ ಒಂದು ಪಾಲು ನನ್ನ ಬಗ್ಗೆಯೂ ಇತ್ತು.

ಆ ಮೂರು ವರ್ಷಗಳಲ್ಲಿ ಆತನಿಗೆ ಬೆರಳುದ್ದದ ಮೀನುಗಳ ಹೊರತು ಏನೂ ಸಿಗಲಿಲ್ಲ. ಹೇಗೆ ಸಿಗಬೇಕು? ಟೇಪ್ ರೆಕಾರ್ಡರ್ ಹಚ್ಚಿಕೊಂಡು, ನೀರಿಗೆ ನೆರಳು ಬೀಳುವಂತೆ ನಿಂತು, ನಿಮಿಷಕ್ಕೊಮ್ಮೆ ಗಾಳ ಎತ್ತಿ ನೋಡುತ್ತಿದ್ದ. ಒಮ್ಮೆ ಯಾವುದೋ ಕೆಲಸಕ್ಕೆ ನಿಪ್ಪಾಣಿಗೆ ಹೋದಾಗ ಆತನ ಅಂಗಡಿಗೆ ಕಾಲಿಟ್ಟೆ. ಗಾದಿಯ ಹಿಂದಿನ ಗೋಡೆಗೆ ದೊಡ್ಡ ಫೋಟೋ. ಒಂದು ಕೈಯಲ್ಲಿ ಸೊಂಟದೆತ್ತರದ ಬಾಳೆಮೀನು, ಇನ್ನೊಂದು ಕೈಯಲ್ಲಿ ಕೋಲು. ಆ ಮೀನನ್ನು ನಮ್ಮೂರಿನ ಬಲೆಯವರಿಂದ ಕೊಂಡದ್ದು ಊರಿಗೆಲ್ಲ ಗೊತ್ತಿತ್ತು. ನನಗೆ ನಗು ಬಂದದ್ದು ಅದಕ್ಕಲ್ಲ. ಕೋಲಿನ ಕೆಳಗೆ ತೂಗಬೇಕಾದ ರೀಲು ಫೋಟೋದಲ್ಲಿ ಮೇಲಿತ್ತು. ಮೂರು ವರ್ಷ ಹಿಡಿದ ಮೇಲೂ ಆತನಿಗೆ ಕೋಲಿನ ಹೊಟ್ಟೆ ಯಾವುದು, ಬೆನ್ನು ಯಾವುದು ಗೊತ್ತಿರಲಿಲ್ಲ. ಗಿರಾಕಿಗಳು ಮಾತ್ರ, "ಜಬರದಸ್ತ್ ಐತ್ರಿ ಸಾಹುಕಾರ," ಎನ್ನುತ್ತಿದ್ದರು.

ಮರುತಿಂಗಳೇ ನಿಜವಾದ ಬಾಳೆಮೀನು ಆತನ ಗಾಳಕ್ಕೆ ಬಿತ್ತು. ಅದು ಆ ಮೀನಿನ ದುರದೃಷ್ಟವೋ ದಡ್ಡತನವೋ. ದಾರ ಸರ್ರನೆ ಎಳೆದುಕೊಂಡು ಹೋಗಿ ತಟ್ಟನೆ ನಿಂತಿತು, ರೀಲು ಕಚ್ಚಿಕೊಂಡಿತ್ತು. ಕೋಲನ್ನು ತುಸು ತಗ್ಗಿಸಬೇಕಿತ್ತು. ಆತ ಎರಡೂ ಕೈಯಿಂದ ಮೇಲಕ್ಕೆ ಜಗ್ಗಿದ. ಕೋಲು ಅರ್ಧಕ್ಕೆ ಪಟಾರನೆ ಮುರಿಯಿತು, ದಾರ ಹರಿಯಿತು, ಮೀನು ತನ್ನ ಹಾದಿ ಹಿಡಿಯಿತು.

"ಇವನ ಕೆಲಸ ಇದು!" ಎಂದು ದಂಡೆಯ ಜನರೆಲ್ಲ ಕೇಳುವಂತೆ ನನ್ನತ್ತ ಬೊಟ್ಟು ಮಾಡಿದ. "ಒಳಗಿನ ಗಿಯರ್ ಬದಲಿ ಮಾಡ್ಯಾನ. ಚಲೋದು ತಗದು ತನ್ನ ಕಟ್ಟಿಗಿ ರೀಲಿಗೆ ಹಾಕ್ಕೊಂಡಾನ, ಕಳ್ಳ!"

ನಾನು ಟವೆಲ್ ಹಾಸಿ, ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಎಲ್ಲರ ಮುಂದೆ ಆತನ ರೀಲು ಬಿಚ್ಚಿದೆ. ಮೊದಲು ಉಸುಕು ಸುರಿಯಿತು. ಆಮೇಲೆ ಗಿಯರ್ ಹೊರಗೆ ಬಂತು. ಅದರ ಮೈಮೇಲೆ ಕೊರೆದ ಕಂಪನಿಯ ಗುರುತು ಹಾಗೇ ಇತ್ತು, ಹಲ್ಲುಗಳು ಮಾತ್ರ ಉಸುಕು ತಿಂದು ಸವೆದಿದ್ದವು. ಪಕ್ಕದಲ್ಲಿ ನನ್ನ ಸಾಗವಾನಿಯ ರೀಲನ್ನೂ ಬಿಚ್ಚಿಟ್ಟೆ. ಅದರಲ್ಲಿ ಗಿಯರೇ ಇರಲಿಲ್ಲ.

ಅಲ್ಲೇ ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಅಪ್ಪ ಎದ್ದು ಬಂದು ಬಗ್ಗಿ ಎರಡನ್ನೂ ನೋಡಿದ. ಜೀವಮಾನದಲ್ಲಿ ಮೊದಲ ಸಲ ಒಬ್ಬ ಸಾಹುಕಾರನ ಮುಖ ನೋಡಿ ನೆಟ್ಟಗೆ ನಿಂತು ಮಾತಾಡಿದ. "ನನ್ನ ಮಗಾ ಕಳ್ಳ ಅಲ್ರಿ. ನಿಮ್ಮ ಕೈ ಸುದ್ದ ಇಲ್ಲ."

ಆ ಇಬ್ಬರು ಜೊತೆಗಾರರು ಹೊಳೆಯ ಆಚೆ ದಂಡೆ ನೋಡುತ್ತಿದ್ದರು. ವ್ಯಾಪಾರಿ, "ಭಾಳ ಶಾಣ್ಯಾ ಆಗೀರಿ ಎಲ್ಲಾರೂ," ಎಂದು ಗೊಣಗಿ, ಎಲ್ಲವನ್ನೂ ಅಲ್ಲೇ ಬಿಟ್ಟು ಕಾರು ಹತ್ತಿದ.

ಬಿಚ್ಚಿದ ರೀಲನ್ನು ಹೊಳೆದಂಡೆಯಲ್ಲಿ ಬಿಟ್ಟುಬರಲು ನನಗೆ ಮನಸ್ಸಾಗಲಿಲ್ಲ. ಮನೆಗೆ ತಂದೆ. ಎರಡು ತಿಂಗಳು ಬಿಡುವಿದ್ದಾಗಲೆಲ್ಲ ಅರ ಹಿಡಿದು ಕುಳಿತು, ಹಿತ್ತಾಳೆಯ ತುಂಡಿನಿಂದ ಹೊಸ ಗಿಯರ್ ಕೊರೆದೆ. ಆತ ಕೇಳಿದ ದಿನ ಕೊಡೋಣ ಎಂದು ಕಾದೆ. ಕೇಳಲಿಲ್ಲ. ಬದಲಿಗೆ ನಿಪ್ಪಾಣಿಯ ಬಸ್ ಕಂಡಕ್ಟರ್ ಒಬ್ಬ ಬಂದು, "ಏನಪಾ, ಸಾಹುಕಾರರು ನಿನಗ ಸಿಂಗಾಪುರದ ರೀಲ್ ದಾನಾ ಮಾಡ್ಯಾರಂತ? ಅಂಗಡ್ಯಾಗ ಎಲ್ಲಾರಿಗೂ ಹೇಳಾಕತ್ತಾರ. ಬಡವಾ ಅದಾನ, ಹೋಗ್ಲಿ ಅಂತ ಕೊಟ್ಟೆ ಅಂತಾರ," ಎಂದ.

ಕಳ್ಳ ಎಂದದ್ದನ್ನು ನಾನು ನುಂಗಿಕೊಂಡಿದ್ದೆ. ಇದನ್ನು ನುಂಗಲಾಗಲಿಲ್ಲ. ಮರುದಿನ ರಜೆ ಹಾಕಿ ನಿಪ್ಪಾಣಿಗೆ ಹೋದೆ. ಅಂಗಡಿಯಲ್ಲಿ ಏಳೆಂಟು ಜನ ಗಿರಾಕಿಗಳಿದ್ದರು. ಬಟ್ಟೆ ಬಿಚ್ಚಿ ರೀಲನ್ನು ಗಾದಿಯ ಮುಂದಿಟ್ಟೆ, ಹಿಡಿಕೆಯನ್ನು ಒಮ್ಮೆ ತಿರುಗಿಸಿ ಬಿಟ್ಟೆ. ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು.

"ನಿಮ್ಮದು ನಿಮಗ್ರಿ. ಗಿಯರ್ ಅಷ್ಟು ನಂದೈತಿ, ಅದನ್ನ ನಾ ದಾನಾ ಮಾಡೇನಿ."

ಆತ ರೀಲನ್ನು ಎತ್ತಿಕೊಂಡು ತಿರುವಿ ನೋಡಿದ. ಆಮೇಲೆ, "ಎಣ್ಣಿ ಹಾಕೀಯೇನು ಇದಕ್ಕ?" ಎಂದ. ಅಷ್ಟೇ. ಅವಮಾನ ಮಾಡಿದ್ದೂ ತಿಳಿಯದವನಿಗೆ ಅವಮಾನ ಮಾಡುವುದು ಎಷ್ಟು ದಂಡ ಎಂದು ಅಂದು ಗೊತ್ತಾಯಿತು.

ಆತ ಮತ್ತೆ ಹೊಳೆಗೆ ಬರಲಿಲ್ಲ. ತೊಂಬತ್ತರ ದಶಕದ ಮೊದಲಲ್ಲಿ ನಾನು ಮಿರಜಿಗೆ ಹೋಗಿ ನನ್ನದೇ ಒಂದು ಕಂಪನಿ ರೀಲು ಕೊಂಡೆ. ಅಪ್ಪ ಅದನ್ನು ಮೂಸಿ ನೋಡಿ ಪಕ್ಕಕ್ಕಿಟ್ಟ. ಅದೇ ವರ್ಷ ಆ ವ್ಯಾಪಾರಿ ಕುದುರೆಯೊಂದನ್ನು ಕೊಂಡನೆಂಬ ಸುದ್ದಿ ಬಂತು. ಆ ಕುದುರೆಯನ್ನು ನೆನೆದು ನನಗೆ ನಿಜವಾಗಿ ಮರುಕವಾಯಿತು.