ಗೀಜಗನ ಗೂಡು, ತಂಗಿಯ ಜೀವ

ಬೆಳಿಗ್ಗೆ ಏಳೂಕಾಲಿಗೆ ಬಾವಿಯ ದಂಡೆಯ ಕಲ್ಲು ಜಾರಿತು. ಗೀಜಗ ಹಕ್ಕಿಗಳಲ್ಲಿ ಗಂಡು ಹೆಣೆದ ಗೂಡನ್ನು ಹೆಣ್ಣು ಹೇಗೆ ಪರೀಕ್ಷಿಸಿ ಜೋಡಿಯಾಗುತ್ತದೆ ಎಂಬುದರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದ ನನ್ನ ತಂಗಿ, ಜಗಳೂರಿನ ಹೊಲವೊಂದರಲ್ಲಿ ಬಾವಿಗೆ ಬಾಗಿದ್ದ ಜಾಲಿಕೊಂಬೆ ಹಿಡಿದು ನೇತಾಡುತ್ತಿದ್ದಳು. ನಾನು ದಂಡೆಗೆ ಓಡಿದೆ. ಹೊಲದಲ್ಲಿ ಕೆಲಸ ಮಾಡುತ್ತಿದ್ದ ಅಜ್ಜರೊಬ್ಬರು ಓಡಿ ಬಂದು ತಲೆಯ ರುಮಾಲು ಬಿಚ್ಚಿ ಇಳಿಬಿಟ್ಟರು. ಇಬ್ಬರೂ ಸೇರಿ ಅವಳನ್ನು ಮೇಲೆಳೆದೆವು.

“ಹಕ್ಕಿ ಲಗ್ನ ನೋಡಾಕೆ ಜೀವ ಬಿಡ್ತೀಯೇನವ್ವಾ?” ಎಂದು ಅಜ್ಜ ಗದರಿದರು.

ಅಂಗೈಯ ಮುಳ್ಳು ಕೀಳುತ್ತಾ ತಂಗಿ ನನ್ನನ್ನೇ ಕೇಳಿದಳು: “ಅಕ್ಕಾ, ಹೆಣ್ಣು ಗೂಡಿನೊಳಗೆ ಹೋಯ್ತಾ? ನೀನು ನೋಡಿದ್ಯಾ?”

ಆಮೇಲೆ ಎಷ್ಟೋ ರಾತ್ರಿ ಇಬ್ಬರೂ ಬೆಚ್ಚಿ ಎದ್ದಿದ್ದೇವೆ. ಅವಳ ಪ್ರಬಂಧ ಒಪ್ಪಿಗೆಯಾದ ದಿನ ಹೊನ್ನಾಳಿಯ ಮನೆಯಲ್ಲಿ ಅಮ್ಮ, “ಡಾಕ್ಟ್ರೇ, ಊಟಕ್ಕೆ ಬರ್ರಿ” ಎಂದು ಕರೆದರು. ಅಂದು ಇಬ್ಬರೂ ಬೆಳಗಿನವರೆಗೂ ಮಲಗಿದೆವು.